ತೊಂಬತ್ತೊಂದನೇ ಪುಟ

ಮಸ್ಕಿ
17 ಏಪ್ರಿಲ್ 2024

ತಂಗಿ ಗ್ಯಾನಮ್ಮಗ, ಜೈ ಭೀಮ್.

ಈ ಕಾಗದದ ಜೋಡಿ ಒಂದು ಪುಸ್ತಕ ಕಳಿಸೀನಿ. ‘ಎಡಗಾಲ ದಂಡು’ ಅಂತ ಹೆಸರು. ಬರದಾಂವ ನಾನ. ಹಿಂದಿನ ರಟ್ಟಿನ ಮ್ಯಾಲೆ ನನ್ನ ಫೋಟೋ ತಲಿಕೆಳಗಾಗಿ ಬಂದೈತಿ. ಅದನ್ನ ನೋಡಿ ನಗಬ್ಯಾಡ, ಒಳಗಿಂದು ಓದಿ ನಗು.

ಹದಿನೈದು ವರ್ಷ ಬಂದೂಕ ಹೊತ್ತೆ. ತೋಪಿನ ಸಪ್ಪಳಕ್ಕ ಎರಡೂ ಕಿವಿ ಕೊಟ್ಟೆ, ಈಗ ಒದರಿದರ ಅಷ್ಟ ಕೇಳತೈತಿ, ಹಿಮಕ್ಕ ಬಲಗೈಯಿನ ಮೂರು ಬೆರಳು ಕೊಟ್ಟೆ. ಟಿ.ವಿ. ಮುಂದ ಕುಂತು ‘ಹೊಡೀರಿ, ಹೊಡೀರಿ’ ಅಂತ ಒದರೋರ ಮನಿಯಿಂದ ಒಬ್ಬ ಮಗ ಅಲ್ಲಿ ಬಂದದ್ದು ನಾ ನೋಡಲಿಲ್ಲ. ಬಂದಾವರು ನಾವು. ಕೇರಿಯವರು, ಕುರಿ ಕಾಯೋರು, ಜವಳಗೇರಾ ಕಡೆ ಗದ್ದಿಯೊಳಗ ಕೂಲಿ ಮಾಡೋರ ಮಕ್ಕಳು. ಅದಕ್ಕ ನಾ ಅಳೋ ಪುಸ್ತಕ ಬರೀಲಿಲ್ಲ. ಉಗುಳಿ ನಗೋ ಪುಸ್ತಕ ಬರದೆ.

ಕಥಿ ಸರಳ ಐತಿ. ಇಬ್ಬರು ರಾಜರು ಒಂದು ಬೋಳು ಗುಡ್ಡಕ್ಕಾಗಿ ಯುದ್ಧ ಹೂಡತಾರ. ಒಬ್ಬನ ದಂಡಿಗೆ ಬರೇ ಎಡಗಾಲ ಬೂಟು ಬರತಾವ, ಇನ್ನೊಬ್ಬನ ದಂಡಿಗೆ ಬರೇ ಬಲಗಾಲಿಂದು. ಸಿಪಾಯಿಗಳು ಗಡಿಯೊಳಗ ಕೂಡಿ ಬೂಟು ಅದಲಿ ಬದಲಿ ಮಾಡಿಕೊಂತಾರ. ಇಬ್ಬರೂ ರಾಜರು ಅದಕ್ಕ ದೇಶದ್ರೋಹ ಅಂತ ಹೆಸರಿಡತಾರ.

ಬೆರಳಿಲ್ಲದ ಕೈಲೆ ಇನ್ನೂರು ಪುಟ ಬರಿಯಾಕ ಆಗಂಗಿಲ್ಲ. ಮಧ್ಯಾಹ್ನ ಮನಿಯೊಳಗ ಕುಂತು ಮೊಬೈಲಿಗೆ ಬಾಯಿಲೆ ಹೇಳತಿದ್ದೆ. ಸಿಂಧನೂರಿನಾಗ ಅರ್ಜುಮಂದ್ ಅಂತ ಹುಡುಗಿ ಡಿ.ಟಿ.ಪಿ. ಮಾಡತಾಳ. ಆಕಿ ಕೇಳಿ ಕೇಳಿ ಕಂಪ್ಯೂಟರಿಗೆ ಇಳಿಸಿದಳು. ಆಕಿಗೆ ಒಂದ ಮಾತು ಹೇಳಿದ್ದೆ: “ಬೇಟಾ, ನನ್ನ ಬಾಯಿಂದ ಬಂದದ್ದರಾಗ ಒಂದಕ್ಷರ ಬಿಡಬ್ಯಾಡ, ಒಂದಕ್ಷರ ತಿದ್ದಬ್ಯಾಡ. ನಮ್ಮ ಮಂದಿ ಮಾತನ್ನ ತಿದ್ದಿ ತಿದ್ದಿ ನಮಗ ಬಾಯಿನ ಇಲ್ಲದಂಗ ಮಾಡ್ಯಾರ.” ಸಂಘಟನಿಯೊಳಗ ಹದಿನೆಂಟು ವರ್ಷ ಜೋಡಿ ಇದ್ದ ಗಂಗಾಧರ ಮಾಸ್ತರ ಕರಡು ಓದಿ ಕೊಡತೀನಿ ಅಂದ. ಬ್ಯಾಡ ಅಂದೆ. ನಾನೂ ಓದಲಿಲ್ಲ. ಜಯಂತಿಗೆ ಬಿಡುಗಡೆ ಆಗಬೇಕಿತ್ತು, ಪ್ರೆಸ್ಸಿನಾಂವ ಅವಸರ ಮಾಡಿದ. ನನ್ನ ಮಾತು ನನಗ ಗೊತ್ತಿಲ್ಲೇನು?

ಹದಿನಾಲ್ಕಕ್ಕ ವೇದಿಕಿ ಮ್ಯಾಲೆ ಬಿಡುಗಡೆ ಆತು. ಭಾಷಣ ಮಾಡಿದಾವರೊಳಗ ಒಬ್ಬರೂ ಓದಿರಲಿಲ್ಲ. ಮುಂದ ಕುಂತ ಹುಡುಗರು ಡಿ.ಜೆ. ಯಾವಾಗ ಶುರು ಆಗತೈತಿ ಅಂತ ಹೊಳ್ಳಿ ಹೊಳ್ಳಿ ನೋಡತಿದ್ದರು. ಐನೂರು ಪ್ರತಿಯೊಳಗ ಇಪ್ಪತ್ತೆರಡು ಹೋದವು. ಉಳಿದಾವು ನನ್ನ ಮಂಚದ ಕೆಳಗ ಅದಾವ. ಈಗ ಮನಿಯಾಗ ನಾನೂ ಅವೂ.

ಒಂದು ಮಾತು. ನಿನ್ನ ಗಂಡ, ದಂಡಿನಾಗ ನನ್ನ ಜೋಡಿ ಇದ್ದ ಜೀವದ ಗೆಳೆಯ ಆದೆಪ್ಪ ಹೋಗಿ ಹತ್ತೊಂಬತ್ತು ವರ್ಷ ಆತು. ಅವನ ಹೆಸರು ಈ ಪುಸ್ತಕದಾಗ ಎಲ್ಲೂ ಹಾಕಿಲ್ಲ. ಎಲ್ಲಾರನ್ನ ನಗೀಗೆ ಎಳದೀನಿ, ಅವನನ್ನ ಎಳೀಲಿಲ್ಲ. ನೀ ಧೈರ್ಯದಿಂದ ಓದು.

ನಿನ್ನ ಅಣ್ಣ,
ವಿರೂಪಾಕ್ಷಪ್ಪ


ಲಿಂಗಸುಗೂರು
2 ಮೇ 2024

ವಿರೂಪಾಕ್ಷಣ್ಣಗ ಗ್ಯಾನಮ್ಮನ ಜೈ ಭೀಮ್.

ಪುಸ್ತಕ ಬಂತು. ಹಿಂದಿನ ಫೋಟೋ ನೋಡಿ ನಮ್ಮ ದಾವಲ್‌ಬೀ “ಇಂವ ಏನ್ ಬಾವಲಿ ಏನವಾ, ತೂಗಿ ಬಿದ್ದಾನ” ಅಂದಳು. ದಾವಲ್‌ಬೀ ಅಂದರ ನನ್ನ ಜೋಡಿ ಹಾಸ್ಟೆಲಿನಾಗ ಅಡಗಿ ಮಾಡಾಕಿ.

ನಾ ಏಳನೇ ಕ್ಲಾಸಿನಾಕಿ, ಓದಾಕ ತಡಾ ಆಗತೈತಿ. ದೀಪಾ ಅಂತ ಡಿಗ್ರಿ ಹುಡುಗಿ ಅದಾಳ, ಚಲೋ ಓದತಾಳ. ನಾವು ರೊಟ್ಟಿ ಬಡಿಯೋ ಹೊತ್ತಿಗೆ ಆಕಿ ಅಡಗಿಮನಿ ಹೊಸ್ತಿಲದ ಮ್ಯಾಲೆ ಕುಂತು ದೊಡ್ಡ ದನಿಯೊಳಗ ಓದತಾಳ. ಹತ್ತು ಹನ್ನೆರಡು ಹುಡುಗೀರು ಸುತ್ತ ಕುಂದರತಾರ. ಅಣ್ಣಾ, ಎಷ್ಟ ನಕ್ಕೀವಿ ಅಂತ ಹೇಳಲಿ! ನಲವತ್ತನೇ ಪುಟದಾಗ ರಾಜ ಸಿಂಹಾಸನದ ಮ್ಯಾಲೆ ನಿಂತು “ನನ್ನ ಪ್ರಜೆಗಳೇ, ಇವತ್ತಿನಿಂದ ಯುದ್ಧ” ಅಂತಾನ. ಅದರ ಬೆನ್ನಿಗೆ “ಹುಶ್, ಹುಶ್, ಇದರ ಹಾಳಾಗ, ಮತ್ತ ಒಳಗ ಬಂತು ನೋಡು ಕೋಳಿ” ಅಂತಾನ. ಹುಡುಗೀರು ಬಿದ್ದು ಬಿದ್ದು ನಕ್ಕರು. “ಆಂಟಿ, ಯುದ್ಧ ಸಾರೋ ರಾಜನ ಅರಮನಿಗೆ ಕೋಳಿ ಹೊಕ್ಕೈತಿ, ಎಂಥಾ ವಿಡಂಬನಾ ನೋಡ್ರಿ” ಅಂದಳು ದೀಪಾ. ಏಳನೇ ಅಧ್ಯಾಯ ಎರಡು ಸಲ ಬಂದೈತಿ. ಎರಡನೇ ಸಲ ಎಲ್ಲಾರೂ ಕೂಡಿ ಬಾಯಿಪಾಠ ಹೇಳಿದರು. ಇನ್ನ ಅರವತ್ತನೇ ಪುಟಕ್ಕ ಬಂದೀವಿ.

ಈ ಹಾಸ್ಟೆಲಿನಾಗ ದಿನಾ ಎಂಬತ್ತು ಮಂದಿಗೆ ಬಡಸತೀನಿ, ಕಡೀಕ ಒಬ್ಬಾಕಿನ ಉಣ್ಣತೀನಿ. ಈ ಹತ್ತು ದಿನ ಹಂಗ ಅನ್ನಸಲಿಲ್ಲ.

ಅವನ ಹೆಸರು ಹಾಕಲಿಲ್ಲ, ಚಲೋ ಮಾಡಿದಿ. ನೀ ಆವಾಗ ಬರದ ಕಾಗದ ಇನ್ನೂ ನನ್ನ ಟ್ರಂಕಿನಾಗ ಐತಿ. “ಅವನ ತಲಿ ನನ್ನ ತೊಡಿ ಮ್ಯಾಲೆ ಇತ್ತು. ಗ್ಯಾನಮ್ಮಾ ಅಂದ, ಕಣ್ಣು ಮುಚ್ಚಿದ.” ಆ ಎರಡು ಸಾಲು ಓದಿಕೊಂಡ ನಾ ಇಲ್ಲೀತನಕ ಬಂದೀನಿ. ಸಾಯೋ ಹೊತ್ತಿಗೆ ಅಂವ ಒಬ್ಬನ ಇರಲಿಲ್ಲ, ನೀ ಇದ್ದಿ. ನನಗ ಅಷ್ಟ ಸಾಕು.

ಗ್ಯಾನಮ್ಮ


ಮಸ್ಕಿ
9 ಮೇ 2024

ತಂಗಿಗೆ ಜೈ ಭೀಮ್.

ನಿನ್ನ ಕಾಗದ ಮೂರು ಸಲ ಓದಿದೆ. ಇಲ್ಲಿ ಒಬ್ಬನೂ ಪುಸ್ತಕದ ಬಗ್ಗೆ ಒಂದು ಮಾತು ಆಡಿಲ್ಲ. ಸಂಘಟನಿ ಭವನದ ವಾಚನಾಲಯದ ಬೀಗ ತಗಿಯೋದು ನನ್ನ ಕೆಲಸ. ಕಟ್ಟಿ ಮ್ಯಾಲೆ ಐದು ಪ್ರತಿ ಇಟ್ಟೀನಿ. ಬರೋರು ಅದರ ಮ್ಯಾಲೆ ಪೇಪರ್ ಹಾಸಿ ಓದಿ ಹೋಗತಾರ.

ಕೋಳಿ ವಿಚಾರ ಬರದಿ. ಅದು ಬೇಕಂತ ತಂದದ್ದು. ಅಧಿಕಾರದ ಮುಂದ ಕೋಳಿ ಇದ್ದಂಗ ಜನ ಅಂತ ಅರ್ಥ. ಏಳನೇ ಅಧ್ಯಾಯ ಎರಡು ಸಲ ಬಂದದ್ದಕ್ಕೂ ಒಂದು ಉದ್ದೇಶ ಐತಿ, ಯುದ್ಧಗಳು ಮತ್ತ ಮತ್ತ ಬರತಾವಲ್ಲ, ಹಂಗ. ನಿಮ್ಮ ದೀಪಾ ಶಾಣ್ಯಾಕಿ. ಗಂಗಾಧರನಂಥ ಮಾಸ್ತರಗ ತಿಳಿಯದ್ದು ಆಕಿಗೆ ತಿಳಿದೈತಿ. ಮೊನ್ನೆ ಅಂವ ಬಂದಾವ “ಏನಲೇ ವಿರೂಪಾ, ಒಂದು ಸಲ ಓದೋಕ ಕೊಟ್ಟಿದ್ದರ ನಿನ್ನ ಗಂಟೇನು ಹೋಗತಿತ್ತು” ಅಂದ. “ನೀ ಓದಿದ್ದರ ಕೋಳಿ ಓಡಸತಿದ್ದಿ” ಅಂತ ಹೇಳಿ ಕಳಿಸೀನಿ.

ಖರೆ ಹೇಳಬೇಕಂದರ ನಾ ಇನ್ನೂ ಪುಸ್ತಕ ತಗದು ಓದಿಲ್ಲ. ಇವತ್ತು ಶುರು ಮಾಡತೀನಿ.

ಬಿಸಲು ಜೋರೈತಿ. ಒಲಿ ಮುಂದ ಇರಾಕಿ, ನೀರು ಕುಡಿ.

ವಿರೂಪಾಕ್ಷಪ್ಪ


ಮಸ್ಕಿ
13 ಮೇ 2024

ಗ್ಯಾನಮ್ಮ,

ಜರೂರ ಬರದೀನಿ. ನಿನಗ ಕಳಿಸಿದ ಪ್ರತಿಯೊಳಗ ಬೈಂಡಿಂಗ್ ಕೆಟ್ಟೈತಿ ಅಂತ ಈಗ ಗೊತ್ತಾತು. ಓದೋದು ನಿಲ್ಲಸ್ರಿ. ಹುಡುಗೀರಿಗೂ ಹೇಳು. ಲಿಂಗಸುಗೂರು ಬಸ್ಸಿನ ಕಂಡಕ್ಟರ ಅಯ್ಯಪ್ಪ ನಮ್ಮಾಂವ. ಗುರುವಾರ ಹಾಸ್ಟೆಲಿಗೆ ಬರತಾನ. ಅವನ ಕೈಯಾಗ ಪುಸ್ತಕ ಕೊಟ್ಟು ಕಳಸು. ಚಲೋ ಪ್ರತಿ ಆಮ್ಯಾಲೆ ಕಳಸತೀನಿ.

ಎಲ್ಲೀತನಕ ಓದೀರಿ ಅಂತ ಒಂದು ಸಾಲು ಬರಿ.

ವಿ.


ಮಸ್ಕಿ
25 ಮೇ 2024

ತಂಗಿ,

ಅಯ್ಯಪ್ಪ ಬರಿಗೈಲೆ ಬಂದ. “ಇನ್ನ ಓದಿ ಮುಗದಿಲ್ಲ ಅಂತ ಹೇಳು” ಅಂದಿಯಂತ. ಹಾಸ್ಟೆಲಿನ ಬಾಗಲಕ ನಿಂತ ಮಾತಾಡಿಸಿದಿ, ಒಂದು ಚರಗಿ ನೀರೂ ಕೊಡಲಿಲ್ಲ ಅಂದ. ನೀ ಹಂಗ ಮಾಡಾಕಿ ಅಲ್ಲ.

ನಿನಗ ಸಿಟ್ಟು ಬಂದೈತಿ. ಯಾಕಂತ ನನಗ ಗೊತ್ತೈತಿ. ಹೋತಕ್ಕ ಪದಕ ಕೊಡೋ ಭಾಗ ಓದೀರಿ. ದಂಡಿಗೆ ಊಟಕ್ಕ ತಂದ ಹೋತ ಹಗ್ಗ ಹರಕೊಂಡು ವೈರಿ ಕಡೆ ಓಡತೈತಿ. ಎಲ್ಲಾರಿಗಿಂತ ಮುಂದ ನುಗ್ಗಿದ ವೀರ ಅಂತ ಸೇನಾಪತಿ ಅದರ ಕೊರಳಿಗೆ ಪದಕ ಹಾಕತಾನ. ನಿನ್ನ ಗೋಡಿ ಮ್ಯಾಲೆ ಆದೆಪ್ಪನ ಪದಕ ತೂಗತೈತಿ, ಅದನ್ನ ನೋಡಿ ನಾ ಹಿಂಗ ಬರದೀನಿ ಅಂತ ತಿಳಕೊಂಡಿ. ಅಲ್ಲ ತಂಗಿ, ಆಣಿ ಮಾಡಿ ಹೇಳತೀನಿ. ಪದಕ ಕೊಡೋರ ಮ್ಯಾಲೆ ನನ್ನ ಸಿಟ್ಟು, ಪಡದಾವನ ಮ್ಯಾಲಲ್ಲ. ನಿನ್ನ ಅತ್ತಿ ಊರಾಗ ಅಂವ ಬದುಕಿದ್ದಾಗ ಚಹಾದ ಅಂಗಡಿಯೊಳಗ ಲೋಟ ಬ್ಯಾರೆ ಇಟ್ಟಿದ್ದರು. ಸತ್ತಮ್ಯಾಲೆ ಅವರ ಬಂದು ಹಾರ ಹಾಕಿದರು. ನನ್ನ ನಗಿ ಆ ಹಾರದ ಮ್ಯಾಲೆ.

ಎರಡು ಸಾಲು ಬರಿ. ಬೈದರೂ ನಡೀತೈತಿ. ಪುಸ್ತಕ ಮಾತ್ರ ಕಳಸು.

ವಿರೂಪಾಕ್ಷಪ್ಪ


ಲಿಂಗಸುಗೂರು
3 ಜೂನ್ 2024

ಶ್ರೀ ವಿರೂಪಾಕ್ಷಪ್ಪ ಅವರಿಗೆ,

ನಿಮ್ಮ ಮೂರು ಕಾಗದ ಮುಟ್ಟಿದಾವ. ಹೋತದ ಬಗ್ಗೆ ನನಗ ಸಿಟ್ಟಿಲ್ಲ. ಹೋತ ಬಂದಾಗ ನಾನೂ ನಕ್ಕೆ.

ಮೇ ಹನ್ನೊಂದಕ್ಕ, ಶನಿವಾರ, ತೊಂಬತ್ತೊಂದನೇ ಪುಟ ಓದಿದಿವಿ. ಆ ಪುಟ ಕೆಳಗ ಬರದೀನಿ. ನಿಮ್ಮ ಹತ್ರ ಪುಸ್ತಕ ಅದಾವ, ಆದರೂ ನನ್ನ ಕೈಯಾಗ ಬರದದ್ದನ್ನ ಓದ್ರಿ.

“ಹೋತದ ಕೊರಳಿಗೆ ಪದಕ ಬಿತ್ತು. ದಂಡಿನಾವರೆಲ್ಲ ಚಪ್ಪಾಳಿ ಹೊಡದರು. ಹೋತ ಪದಕ ಮೂಸಿ ನೋಡಿ ನೆಕ್ಕಿತು. ಸಾಕು ಬೇಟಾ ಇವತ್ತಿಗೆ. ಇದು ನಿಂತಿತೇನು. ನಿಂತಿತು. ಆದೆಪ್ಪಾ, ಲೇ ಆದೆಪ್ಪಾ, ನೀ ಆವಾಗ ಸತ್ತಿದ್ದಿಲ್ಲಲೇ. ಕಣ್ಣು ತಗದಿದ್ದಿ. ಹೋಗಬ್ಯಾಡಲೇ ಅಂದಿ. ನಾ ಹೋದೆ. ನಿನ್ನ ಹೇಣ್ತಿ ಹೆಸರು ನೀ ಹೇಳಲಿಲ್ಲ, ನಾ ಹೇಳಿದೆ. ಎಲ್ಲಾರನ್ನ ನಗಸಾಕತ್ತೀನಿ ನೋಡು ನಾ ಈಗ. ಆಗ ಸೇನಾಪತಿ ಹೋತಕ್ಕ ಸಲಾಮು ಹೊಡದು ಹಿಂಗಂದ.”

ದೀಪಾಗ ಆದೆಪ್ಪ ಯಾರಂತ ಗೊತ್ತಿಲ್ಲ. ನನ್ನ ಗಂಡನ ಹೆಸರು ಆ ಹುಡುಗೀರಿಗೆ ನಾ ಹೇಳಿಲ್ಲ. ಕೋಳಿ ಬಂದಂಗ ಇದೂ ಒಂದು ಬಂತು ಅಂತ ತಿಳದು ಆಕಿ ಅದ ದನಿಯೊಳಗ, ನಗಿಸೋ ದನಿಯೊಳಗ ಓದಿದಳು. “ಲೇ ಆದೆಪ್ಪಾ” ಅಂದಾಗ ಒಬ್ಬಾಕಿ “ಹೋತದ ಹೆಸರು ಆದೆಪ್ಪ!” ಅಂದಳು. ಎಲ್ಲಾರೂ ನಕ್ಕರು. ವಿರೂಪಾಕ್ಷಪ್ಪನವರ, ನಾನೂ ನಕ್ಕೆ. ಅವರು ನಕ್ಕದ್ದು ಕೇಳಿ ನನ್ನ ಬಾಯಿ ತಾನ ನಕ್ಕಿತು. ಕೈಯಾಗ ರೊಟ್ಟಿ ಇತ್ತು, ಬಡಕೊಂತ ಇದ್ದೆ. ಆಮ್ಯಾಲೆ “ಮತ್ತೊಮ್ಮಿ ಓದವಾ” ಅಂದೆ. ಓದಿದಳು. ಮೂರನೇ ಸಲ ಓದು ಅಂದಾಗ ಹುಡುಗೀರು ಪುಸ್ತಕ ಬಿಟ್ಟು ನನ್ನ ಕಡೆ ನೋಡಿದರು. ದಾವಲ್‌ಬೀ ಎದ್ದು ನನ್ನ ಕೈಯಾಗಿನ ರೊಟ್ಟಿ ಇಸಗೊಂಡಳು.

ಬೈಂಡಿಂಗ್ ಕೆಟ್ಟಿಲ್ಲ. ನೀವು ಹದಿಮೂರಕ್ಕ ಬರದ ಕಾಗದ ಹದಿನೈದಕ್ಕ ಬಂತು. ಅಷ್ಟರಾಗ ನನಗ ಆ ಪುಟ ಬಾಯಿಪಾಠ ಆಗಿತ್ತು.

ಒಂದ ಮಾತು ಕೇಳತೀನಿ. ಅಂವ ಒಬ್ಬನ ಸತ್ತನೇನು? ಹೌದು ಇಲ್ಲ, ಎರಡರೊಳಗ ಒಂದು ಬರೀರಿ.

ಗ್ಯಾನಮ್ಮ, ಗಂಡ ಆದೆಪ್ಪ


ಮಸ್ಕಿ
20 ಜೂನ್ 2024

ಗ್ಯಾನಮ್ಮ,

ಪ್ರೆಸ್ಸಿನಾವರ ತಪ್ಪಿನಿಂದ ಗದ್ದಲ ಆಗೈತಿ. ಅರ್ಜುಮಂದಗ ಬೈದೆ. “ಅಂಕಲ್, ನಿಮ್ಮ ರಾಜನೂ ಹಂಗ ಮಾತಾಡತಾನ, ನೀವೂ ಹಂಗ ಮಾತಾಡತೀರಿ. ಎಲ್ಲಿ ರಾಜ ನಿಂತ, ಎಲ್ಲಿ ನೀವು ಶುರು ಆದ್ರಿ ಅಂತ ನನಗ ಹ್ಯಾಂಗ ತಿಳೀಬೇಕು? ಒಂದಕ್ಷರ ಬಿಡಬ್ಯಾಡ ಅಂದಾವರು ನೀವ” ಅಂತ ಒಂದು ಹಾಳಿ ಮ್ಯಾಲೆ ಬರದು ನನ್ನ ಮುಂದ ಹಿಡದಳು.

ನೀ ಕೇಳಿದ್ದಕ್ಕ ಉತ್ತರ ಇಷ್ಟ. ಅದು ಕಾದಂಬರಿ. ಅದರೊಳಗಿನ ಆದೆಪ್ಪ ಒಬ್ಬ ಸಿಪಾಯಿ, ಪಾತ್ರ. ಗೆಳೆಯನ ನೆನಪಿಗೆ ಆ ಹೆಸರು ಇಟ್ಟೆ. ಬರೆಯೋರು ಕಟ್ಟಿ ಬರೀತಾರ. ಎಲ್ಲಾನೂ ಖರೆ ಅಂತ ತಿಳಕೊಳ್ಳಬಾರದು. ನಾ ಆವಾಗ ಬರದ ಕಾಗದ ಖರೆ.

ಆರೋಗ್ಯ ನೋಡಿಕೊ.

ವಿರೂಪಾಕ್ಷಪ್ಪ


ಲಿಂಗಸುಗೂರು
1 ಜುಲೈ 2024

ವಿರೂಪಾಕ್ಷಪ್ಪನವರ,

ನಿಮ್ಮ ಏಪ್ರಿಲ್ ಹದಿನೇಳರ ಕಾಗದ ನನ್ನ ಮುಂದ ಐತಿ. “ಅವನ ಹೆಸರು ಈ ಪುಸ್ತಕದಾಗ ಎಲ್ಲೂ ಹಾಕಿಲ್ಲ.” ನಿಮ್ಮ ಅಕ್ಷರ. ಈಗ ನೆನಪಿಗೆ ಇಟ್ಟೆ ಅಂತೀರಿ. ಎರಡರೊಳಗ ಯಾವುದು ಕಾದಂಬರಿ?

ಸರ್ಕಾರದ ಸುಳ್ಳಿನ ಮ್ಯಾಲೆ ಇನ್ನೂರು ಪುಟ ನಕ್ಕೀರಿ. ರಾಜ ಸುಳ್ಳ, ಸೇನಾಪತಿ ಸುಳ್ಳ, ಪದಕ ಸುಳ್ಳ. ಅವರು ನನಗ ಹೇಳಿದ ಸುಳ್ಳನ್ನ ನಾ ಎಂದೂ ನಂಬಿರಲಿಲ್ಲ. ಪೆಟ್ಟಿಗಿ ತಂದ ಸಾಹೇಬ “ವೈರಿಗಳೊಂದಿಗೆ ಹೋರಾಡಿ” ಅಂದಾಗ ನಮ್ಮವ್ವ ಅಲ್ಲೇ “ಯಾವ ವೈರಿ ಯಪ್ಪಾ, ನಮ್ಮ ಹುಡುಗಗ ಇರೂವಿ ತುಳಿಯಾಕೂ ಆಗತಿರಲಿಲ್ಲ” ಅಂದಳು. ನಾ ನಂಬಿದ್ದು ನಿಮ್ಮನ್ನ. ನೀವು ನಮ್ಮಾವರು ಅಂತ.

ನನ್ನ ಮದುವಿ ಆಗಿ ಎರಡು ವರ್ಷಕ್ಕ ಅಂವ ಹೋದ. ರಜಾ ಎಲ್ಲಾ ಕೂಡಿಸಿದರ ನಾವಿಬ್ಬರೂ ಒಂದ ಸೂರಿನ ಕೆಳಗ ಇದ್ದದ್ದು ಎಪ್ಪತ್ತೊಂದು ದಿನ. ನನಗ ಆವಾಗ ಇಪ್ಪತ್ತು. ನಮ್ಮ ಮಂದಿಯೊಳಗ ಗಂಡ ಸತ್ತ ಹೆಣ್ಣು ಉಡಿಕಿ ಆಗೋದು ಹೊಸದಲ್ಲ. ಹಿರೇರು ಕುಂತು, ಹೊಸ ಸೀರಿ ಉಡಿಸಿ, ಮತ್ತೊಬ್ಬನ ಕೈ ಹಿಡಿಸಿ ಕಳಸತಾರ. ಯಾರೂ ಬೆರಳು ಮಾಡಂಗಿಲ್ಲ. ವಳಕಮದಿನ್ನಿ ಬಾಲಪ್ಪ ಅಂತ ಒಬ್ಬಾಂವ ಕೇಳಿಕೊಂಡು ಬಂದ. ಟ್ರ್ಯಾಕ್ಟರ್ ಹೊಡೀತಿದ್ದ, ಕುಡೀತಿರಲಿಲ್ಲ. ಮೂರು ವರ್ಷ ಕಾದ. ಸಂತೆಕಲ್ಲೂರಿಗೆ, ನನ್ನ ತವರಿಗೆ, ಎಷ್ಟು ಸಲ ಬಂದ ಅಂದರ ನಮ್ಮಪ್ಪ ಅವನಿಗೊಂದು ಕಟ್ಟಿ ತೋರಿಸಿ “ಅಲ್ಲೇ ಮನಿ ಕಟ್ಟಿಬಿಡಪಾ” ಅಂತ ಚೇಷ್ಟಿ ಮಾಡತಿದ್ದ. ನನಗೂ ಅವನು ಬ್ಯಾಡಾಗಿರಲಿಲ್ಲ.

ಆದರ ನಿಮ್ಮ ಕಾಗದ ಟ್ರಂಕಿನಾಗ ಇತ್ತು. ಸಾಯೋ ಹೊತ್ತಿಗೆ ನನ್ನ ಹೆಸರು ಹೇಳಿದಾಂವ. ಕಡೀ ಉಸಿರು ನನಗ ಕೊಟ್ಟಾನ. ಅದನ್ನ ಕಾಲಿಲೆ ಒದ್ದು ಇನ್ನೊಬ್ಬನ ಮನಿಗೆ ಹ್ಯಾಂಗ ಹೋಗಲಿ? ಬಾಲಪ್ಪಗ ಬ್ಯಾಡ ಅಂದೆ. ಹೋದ ವರ್ಷ ಸಿಂಧನೂರು ಬಸ್‌ಸ್ಟ್ಯಾಂಡಿನಾಗ ಸಿಕ್ಕಿದ್ದ. ಮೂರು ಮಕ್ಕಳು, ತಲಿ ಹಣ್ಣಾಗೈತಿ. “ಆರಾಮ ಅದೀರೇನ್ರೀ” ಅಂದ. ನನಗ “ರೀ” ಹಚ್ಚಿದ.

ನೀವು ದಯಾ ತೋರಿಸಿದ್ರಿ ಅಂತ ತಿಳದೀರಿ. ಒಬ್ಬ ಹೆಣ್ಣುಮಗಳಿಗೆ ಎರಡು ಸಾಲು ಸಿಹಿ ಮಾತು ಬರದು ಆಕಿಯನ್ನ ಹತ್ತೊಂಬತ್ತು ವರ್ಷ ಸಮಾಧಿ ಕಾಯಾಕ ಕುಂದ್ರಿಸಿದ್ರಿ. ಮನು ಬರದದ್ದನ್ನ ಸುಡೋ ಸಂಘಟನಿಯಾವರು ನೀವು. ಇದನ್ನ ಬರದಾವ ಯಾರು?

ಹೌದು ಇಲ್ಲ, ಒಂದು ಬರೀರಿ ಅಂದಿದ್ದೆ. ಈಗ ಅಷ್ಟಕ್ಕ ಬಿಡಂಗಿಲ್ಲ. ಎಲ್ಲಾ ಬರೀರಿ. ಚಂದ ಮಾಡಬ್ಯಾಡ್ರಿ. ನಗಸಬ್ಯಾಡ್ರಿ.

ಗ್ಯಾನಮ್ಮ


ಮಸ್ಕಿ
28 ಜುಲೈ 2024

ಗ್ಯಾನಮ್ಮ,

ತಂಗಿ ಅಂತ ಬರಿಯಾಕ ಕೈ ಏಳವಲ್ದು.

ಹೌದು. ಒಬ್ಬನ ಸತ್ತ.

ದೊಡ್ಡ ಸಾಹೇಬ ನಮ್ಮ ಠಾಣ್ಯಕ್ಕ ಬರತಾನ ಅಂತ ಸುದ್ದಿ ಬಂತು. ಸಿಪಾಯಿಗಳ ಜೋಡಿ ಊಟ ಮಾಡೋ ಫೋಟೋ ತಗಸಬೇಕು. ಅದಕ್ಕ ಮೇಜು ಬೇಕು, ಮೇಜಿಗೆ ಬಿಳೇ ಅರಿವಿ ಬೇಕು. ಕೆಳಗಿನ ಠಾಣ್ಯದಿಂದ ತರಾಕ ನಮ್ಮಿಬ್ಬರನ್ನ ಕಳಿಸಿದರು. ಮಡಚೋ ಮೇಜು ಆದೆಪ್ಪನ ಬೆನ್ನಿಗೆ ಕಟ್ಟಿದೆ, ಅರಿವಿ, ಚಹಾದ ಕಪ್ಪು-ಬಸಿ ನಾ ಹೊತ್ತೆ. ಮಧ್ಯಾಹ್ನ ಎರಡರ ಸುಮಾರಿಗೆ ಹಾದಿ ಕುಸೀತು. ಅಂವ ಕೆಳಗ ಜಾರಿದ, ಮೇಜು ಅವನ ಮ್ಯಾಲೆ ಬಿತ್ತು. ನಾ ಇಳದು ಹಿಮ ಬಗದೆ. ಅವಾಗ ಕೈಗವಸು ಹೋತು, ಬೆರಳು ಅದರ ಜೋಡಿ ಹೋದವು. ಸೊಂಟದ ಕೆಳಗ ಅವನಿಗೆ ಅಳ್ಳಾಡಾಕ ಬರತಿರಲಿಲ್ಲ. ಕಣ್ಣು ತಗದಿದ್ದ, ಮಾತು ಬರತಿತ್ತು. “ಮಂದಿ ಕರಕೊಂಡು ಬರತೀನಿ” ಅಂದೆ. “ಹೋಗಬ್ಯಾಡಲೇ ವಿರೂಪಾ” ಅಂದ. ಎರಡು ಸಲ ಅಂದ. ನಿನ್ನ ಹೆಸರು ಹೇಳಲಿಲ್ಲ. ಯಾರ ಹೆಸರೂ ಹೇಳಲಿಲ್ಲ, ನನ್ನದ ಹೇಳಿದ.

ಹೋದೆ. ಮ್ಯಾಲೆ ಹತ್ತೋದರಾಗ ಗಾಳಿ ಎದ್ದಿತ್ತು. ನಮ್ಮ ಠಾಣ್ಯದ ಸಾಹೇಬ ಕೇಳಿದ, “ಸತ್ತಾನೇನು?”

ಪುಸ್ತಕದಾಗ ಇಲ್ಲದ್ದು ಇದು. ನನ್ನ ಬಾಯಿ ಮೊಬೈಲಿಗೂ ಹೇಳದ್ದು. ನಾ “ಹೌದು” ಅಂದೆ. ಹೌದು ಅಂದರ ಯಾರೂ ಹೊರಗ ಹೋಗೋದು ಬೇಕಾಗಂಗಿಲ್ಲ. ಸಾಹೇಬಗೂ ಆ ಹೌದು ಬೇಕಿತ್ತು, ನನಗೂ ಬೇಕಿತ್ತು. ಹೊಳ್ಳಿ ಆ ಇಳಿಜಾರಿಗೆ ಹೋಗಾಕ ನನ್ನಿಂದ ಆಗತಿರಲಿಲ್ಲ. ಇಲ್ಲ ಅಂದಿದ್ದರ ಆ ಗಾಳಿಯೊಳಗ ಕಳಸತಿದ್ದರೋ ಇಲ್ಲೋ ನನಗ ಗೊತ್ತಿಲ್ಲ. ಇಷ್ಟು ವರ್ಷ ಕಳಸತಿರಲಿಲ್ಲ ಅಂತ ಹೇಳಿಕೊಂಡು ಬಂದೀನಿ. ಗೊತ್ತಿಲ್ಲ ಅನ್ನೋದ ಖರೆ.

ಮೂರನೇ ದಿನಕ್ಕ ಹೋದಿವಿ. ಮೇಜು ಬಿದ್ದಲ್ಲೇ ಇತ್ತು. ಅಂವ ಅದರ ಕೆಳಗ ಇರಲಿಲ್ಲ. ಹನ್ನೊಂದು ಮಾರು ದೂರ ಇದ್ದ. ಬರೇ ಕೈಲೆ ತೆವಳಿದ್ದ. ನಾ ಹತ್ತಿ ಹೋದ ದಿಕ್ಕಿಗೆ ಮುಖ ಇತ್ತು.

ಆ ಮಧ್ಯಾಹ್ನ ಹೋತದ ಭಾಗ ಹೇಳಿ ಮುಗಿಸಿ ಮೊಬೈಲ್ ಬಂದ್ ಮಾಡಿದೆ ಅಂತ ತಿಳದೆ. ಮೊಂಡ ಬೆರಳು, ಬಂದ್ ಆಗಿರಲಿಲ್ಲ. ಹೊಳ್ಳಿ ಹಚ್ಚಿ ಕೇಳಾಕ ಕಿವಿ ಇಲ್ಲ. ಖಾಲಿ ಮನಿ, ಯಾರೂ ಇಲ್ಲ ಅಂತ ಅವನ ಜೋಡಿ ಮಾತಾಡಿದೆ. ದಿನಾ ಮಾತಾಡತೀನಿ. ನಿನ್ನ ಕೋಳಿ ಕಾಗದ ಬಂದಮ್ಯಾಲೆ ಪುಸ್ತಕ ತಗದೆ. ಕೋಳಿ ನೋಡಿ ನಕ್ಕೆ. ಓದೋಕಿಂತ ಮೊದಲ ಕೋಳಿಗೆ ಅರ್ಥ ಕಟ್ಟಿ ನಿನಗ ಬರದಿದ್ದೆ, ಅದೂ ಸುಳ್ಳ. ಮುಂದ ತೊಂಬತ್ತೊಂದು ಬಂತು. ಹೋದ ಇಪ್ಪತ್ತೆರಡೂ ಹೊಳ್ಳಿ ಇಸಗೊಂಡು, ಮಂಚದ ಕೆಳಗಿನ, ವಾಚನಾಲಯದ ಎಲ್ಲಾ ಪ್ರತಿಯೊಳಗ ಆ ಹಾಳಿ ಹರದೀನಿ. ನಿನ್ನದೊಂದು ಉಳದೈತಿ.

ಇನ್ನ ಯಾರಿಗೂ ಏನೂ ಬರೆಯಂಗಿಲ್ಲ ನಾ. ಬರಿಯೋ ಹಕ್ಕು ನನಗಿಲ್ಲ.

ಕ್ಷಮಾ ಮಾಡು.

ವಿರೂಪಾಕ್ಷಪ್ಪ


ಲಿಂಗಸುಗೂರು
19 ಆಗಸ್ಟ್ 2024

ವಿರೂಪಾಕ್ಷಪ್ಪ,

ನಿನ್ನ ಕಾಗದ ಬಂದು ಹದಿನೈದು ದಿನ ಆತು. ದೀಪಾ ಕೈಯಾಗ ಕೊಡಲಿಲ್ಲ. ಅಕ್ಷರಕ್ಕ ಅಕ್ಷರ ಕೂಡಿಸಿ ನಾನ ಓದಿದೆ.

ಆಗಸ್ಟ್ ಹದಿನೈದಕ್ಕ ಅತ್ತಿ ಊರಿಗೆ ಕರದಿದ್ದರು, ವರ್ಷಾ ಕರೀತಾರಲ್ಲ. ಸಾಲಿ ಬಯಲಿನಾಗ ಕುರ್ಚಿ ಹಾಕಿ ಕುಂದ್ರಿಸಿದರು. “ವೈರಿಗಳ ಗುಂಡಿಗೆ ಎದೆಯೊಡ್ಡಿ” ಅಂತ ಶುರು ಮಾಡಿದರು. ನಾ ಎದ್ದು ಮೈಕು ಇಸಗೊಂಡೆ. “ನನ್ನ ಗಂಡ ಸಾಹೇಬನ ಊಟದ ಮೇಜು ತರಾಕ ಹೋಗಿ ಸತ್ತ” ಅಂದೆ. “ಮೂರು ದಿನ ಯಾರೂ ಹೋಗಲಿಲ್ಲ” ಅಂದೆ. ಅಧ್ಯಕ್ಷರು “ಯವ್ವಾ, ದುಃಖದಾಗ ಅದೀ, ಕುಂದರು” ಅಂದರು. ಮೈಕಿನಾಂವ ವಾಯರ ಕಿತ್ತ. ಆಮ್ಯಾಲೆ ಮಕ್ಕಳಿಗೆ ಲಾಡು ಹಂಚಿದರು. ಬಸ್ಸಿನಾಗ ನನ್ನ ಬಾಜೂ ಯಾರೂ ಕುಂದರಲಿಲ್ಲ. ಊರಿಂದ ಬಂದಾವರು ಮೂರು ಮಂದಿ ಇದ್ದರು, ನಿಂತ ಬಂದರು.

ಹನ್ನೊಂದು ಮಾರು ಅಂದರ ಎಷ್ಟಂತ ಗೊತ್ತಾಗಬೇಕಿತ್ತು. ಹಾಸ್ಟೆಲಿನ ಅಡಗಿಮನಿ ಬಾಗಲದಿಂದ ಎರಡೂ ಕೈ ಚಾಚಿ ಅಳದೆ. ನೀರಿನ ತೊಟ್ಟಿ ದಾಟಿ, ಬೇವಿನ ಗಿಡ ದಾಟಿ, ಕಂಪೌಂಡಿನ ಗ್ವಾಡಿಗೆ ಬಂದು ಮುಟ್ಟಿತು. ಅಷ್ಟು ದೂರ. ಸೊಂಟ ಮುರದಾಂವ.

ಬರಿಯೋ ಹಕ್ಕು ಇಲ್ಲ ಅಂದಿ. ಹಕ್ಕಿನ ಮಾತು ಬ್ಯಾಡ, ಇದು ಕೆಲಸ. ಹನ್ನೊಂದು ಮಾರು ಕಣ್ಣಿಲೆ ಕಂಡು ಹೇಳಾಂವ ನಿನ್ನ ಬಿಟ್ಟರ ಯಾರೂ ಇಲ್ಲ. ನೀ ಸತ್ತರ ಅಂವ ಮತ್ತ ಅಲ್ಲೇ ಬೀಳತಾನ. ಪುಸ್ತಕ ಹೊಸದಾಗಿ ಅಚ್ಚು ಹಾಕು. ನಗಿಸೋದೆಲ್ಲ ಇರಲಿ, ಅದು ಚಲೋ ಐತಿ. ತೊಂಬತ್ತೊಂದನೇ ಪುಟದಾಗ ನಿಲ್ಲು. ಅಲ್ಲಿಂದ ನಿನ್ನ ಹೆಸರಿಲೆ, ಅವನ ಹೆಸರಿಲೆ, ನನಗ ಬರದಂಗ ಬರಿ. “ಹೌದು” ಅಂದದ್ದನ್ನೂ ಬರಿ. ಬಾಲಪ್ಪನ ವಿಚಾರ ನಾ ಹೇಳತೀನಿ, ಅದೂ ಬರಿ. ಆಮ್ಯಾಲೆ ಹೋತ ಬೇಕಾದರ ಮುಂದ ಓಡಲಿ.

ಕರಡು ಮೊದಲ ನನಗ ಕಳಸು. ತಡಾ ಆಗತೈತಿ, ಆಗಲಿ. ನಾ ಓದದ ಒಂದು ಹಾಳಿಯೂ ಪ್ರೆಸ್ಸಿಗೆ ಹೋಗಬಾರದು.

ನಿನ್ನ ಕಾಗದದ ‘ಕ್ಷಮಾ ಮಾಡು’ ಅನ್ನೋ ಕಡೀ ಸಾಲು ಹೊಡದು ಹಾಕೀನಿ. ಪುಸ್ತಕದಾಗ ಆ ಮಾತು ಎಲ್ಲೆರ ಬಂದರ ಅಲ್ಲೂ ಹೊಡದು ಹಾಕತೀನಿ.

ಗ್ಯಾನಮ್ಮ